ಹದಿನೇಳನೇ ನಂಬರಿನ ಹುಡುಗಿ

ನನ್ನ ತಂಗಿಯ ಮಗಳಿಗೆ ಉಗ್ಗು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಇದೊಂದನ್ನು ಬಿಟ್ಟು ಬೇರೆಲ್ಲ ಹೇಳಿದ್ದೇವೆ. ಸ್ವಲ್ಪ ನಾಚಿಕೆ ಸ್ವಭಾವ ಅಂದಿದ್ದೇವೆ, ಮಾತು ಕಡಿಮೆ ಅಂದಿದ್ದೇವೆ, ದೊಡ್ಡವಳಾದರೆ ತಾನೇ ಸರಿಹೋಗುತ್ತದೆ ಅಂದಿದ್ದೇವೆ. ಅವಳಿಗೆ ಮಾತು ಕಡಿಮೆಯೇನಲ್ಲ, ಹೊಟ್ಟೆ ತುಂಬ ಇದೆ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅಷ್ಟೆ. ಸಿಕ್ಕಿಕೊಂಡಾಗ ಅವಳ ವಾಕ್ಯವನ್ನು ನಾನೇ ಮುಗಿಸಿಬಿಡುತ್ತಿದ್ದೆ. “ನೀ...” ಅಂದರೆ ಸಾಕು, “ನೀರು ತಾನೇ? ತಗೋ.” ನನಗೆ ತಾಳ್ಮೆ ಕಡಿಮೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅದನ್ನೇ ಪ್ರೀತಿ ಎಂದುಕೊಂಡಿದ್ದೆ.

ತಂಗಿಗೆ ಇಸ್ತ್ರಿ ಅಂಗಡಿ ಇದೆ, ಕಾಲುವೆ ಪಕ್ಕದ ಬೀದಿಯಲ್ಲಿ. ಅವಳ ಗಂಡ ಹೋಗಿ ಐದು ವರ್ಷವಾಯಿತು. ನನಗೆ ಮಕ್ಕಳಿಲ್ಲ. ಹೀಗಾಗಿ ಆ ಒಂದು ಹುಡುಗಿ ನಮ್ಮಿಬ್ಬರ ಪಾಲಿಗೆ ಬಂದವಳು. ಹೆತ್ತವಳು ತಂಗಿ, ಹೇಳಿಕೊಡುವವಳು ನಾನು. ಶಾಲೆಯ ವಿಷಯ ಬಂದರಂತೂ ತಂಗಿ ಬಾಯಿಯೇ ತೆರೆಯುತ್ತಿರಲಿಲ್ಲ. “ಅದೆಲ್ಲ ಅಕ್ಕನ್ನ ಕೇಳಿ, ಅವಳು ಅಲ್ಲೇ ಕೆಲಸ ಮಾಡೋದು,” ಅನ್ನುತ್ತಿದ್ದಳು, ಹೆಮ್ಮೆಯಿಂದ.

ಹೌದು, ನಾನು ಅಲ್ಲೇ ಕೆಲಸ ಮಾಡುವುದು. ಐದನೇ ತರಗತಿ ಮುಗಿಸಿದ ಊರಿನ ಮಕ್ಕಳೆಲ್ಲ ಆರನೆಯದಕ್ಕೆ ಯಾವ ಸರ್ಕಾರಿ ಶಾಲೆಗೆ ಹೋಗಬೇಕೆಂದು ತೀರ್ಮಾನವಾಗುವುದು ಶಿಕ್ಷಣ ಕಚೇರಿಯ ಎರಡನೇ ಮಹಡಿಯಲ್ಲಿ, ನಮ್ಮ ಸೀಟು ಹಂಚುವ ವಿಭಾಗದಲ್ಲಿ. ಮೂರು ಮೇಜು, ನಾಲ್ಕು ಕಪಾಟು, ಒಂದು ಕೌಂಟರು. ಕೌಂಟರಿನ ಗಾಜಿನಲ್ಲಿ ಮಾತಾಡಲು ಒಂದು ತೂತು ಕೊರೆದಿದ್ದಾರೆ. ಯಾವ ಮಹಾನುಭಾವ ಅಳತೆ ಹಿಡಿದನೋ, ಅದು ಎದೆಯ ಮಟ್ಟಕ್ಕಿದೆ. ಹೊರಗಿನವರು ಬಗ್ಗಿಯೇ ಮಾತಾಡಬೇಕು. ಬಗ್ಗಿ ನಿಂತವರಿಗೆ ಒಳ್ಳೆಯ ಶಾಲೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು ಎಂದು ಎಷ್ಟೋ ಸಲ ಸಿಟ್ಟು ಬಂದಿದೆ ನನಗೆ.

ನಮ್ಮ ಫಾರಂನಲ್ಲಿ ಐದು ಖಾನೆಗಳಿವೆ. ಮೊದಲ ಖಾನೆಯಲ್ಲಿ ಎಲ್ಲಕ್ಕಿಂತ ಬೇಕಾದ ಶಾಲೆ, ಎರಡನೆಯದರಲ್ಲಿ ಅದಾದ ಮೇಲಿನದು, ಹೀಗೆ. ನೋಡುವುದಕ್ಕೆ ಎಷ್ಟು ಸಲೀಸು! ಹಳೆಯ ನಿಯಮದಲ್ಲಿ ಆ ಮೊದಲ ಖಾನೆ ಒಂದು ಬಲೆಯಾಗಿತ್ತು. ಪ್ರತಿ ಶಾಲೆಯೂ ತನ್ನ ಹೆಸರನ್ನು ಮೊದಲು ಬರೆದವರನ್ನೇ ಮೊದಲು ತುಂಬಿಕೊಳ್ಳುತ್ತಿತ್ತು. ಊರಿನಲ್ಲೇ ಒಳ್ಳೆಯದೆನಿಸಿದ ಬೆಟ್ಟದ ಶಾಲೆಗೆ ಬೆಟ್ಟದ ಬೀದಿಯ ಮಕ್ಕಳದೇ ಮೊದಲ ಹಕ್ಕು. ಕಾಲುವೆ ಕಡೆಯವರು ಆಸೆಪಟ್ಟು ಅದನ್ನು ಮೊದಲು ಬರೆದರೆ ಅದು ಸಿಗುತ್ತಿರಲಿಲ್ಲ. ಎರಡನೆಯದಾಗಿ ಬರೆದ ಕಾಲುವೆ ಶಾಲೆ ಅಷ್ಟರಲ್ಲಿ ಭರ್ತಿಯಾಗಿರುತ್ತಿತ್ತು. ಆ ಮಗುವನ್ನು ಎಲ್ಲಿ ಜಾಗ ಉಳಿದಿದೆಯೋ ಅಲ್ಲಿಗೆ ತಳ್ಳುತ್ತಿದ್ದೆವು, ಅಂದರೆ ಊರಾಚೆಯ ಶಾಲೆಗೆ. ಎರಡು ಬಸ್ಸು ಬದಲಾಯಿಸಬೇಕು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಬಡಗಿ ಬಂದು ಬೆಟ್ಟದ ಶಾಲೆಯನ್ನು ಮೊದಲ ಖಾನೆಯಲ್ಲಿ ಬರೆದು ಕೊಟ್ಟ. ನಾನು ಮೊಹರು ಒತ್ತಿ ತೆಗೆದುಕೊಂಡೆ. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಹೇಳುವುದು ನನ್ನ ಕೆಲಸವಲ್ಲ ಎಂದು. ಅವನ ಮಗಳು ಎರಡು ವರ್ಷ ಎರಡೆರಡು ಬಸ್ಸು ಹತ್ತಿ ಇಳಿದು, ಎಂಟನೇ ತರಗತಿಗೆ ಬರುವ ಹೊತ್ತಿಗೆ ಶಾಲೆ ಬಿಟ್ಟಳು. ಅದು ತಿಳಿದ ದಿನದಿಂದ ನಾನು ಕಾಲುವೆ ಕಡೆಯ ಪ್ರತಿಯೊಬ್ಬ ತಾಯಿಗೂ ತೂತಿನಲ್ಲಿ ಪಿಸುಗುಟ್ಟಿದೆ: “ಸಿಗೋದನ್ನ ಮೊದಲು ಬರೀರಿ. ಆಸೆ ಎರಡನೇ ಖಾನೇಲಿ ಇಟ್ಕೊಳ್ಳಿ.” ಹದಿನೈದು ವರ್ಷ ಹೇಳಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ಒಂದು ಇಡೀ ಬಡಾವಣೆಗೆ ಕಲಿಸಿದವಳು ನಾನು. ಕೊನೆಕೊನೆಗೆ ನಾನು ಹೇಳಬೇಕಾಗಿಯೂ ಇರಲಿಲ್ಲ, ಅಜ್ಜಿಯರು ಹೇಳಿಕೊಡುತ್ತಿದ್ದರು.

ಈ ನಿಯಮ ಬದಲಾಗಬೇಕೆಂದು ಮೊದಲು ಹಟ ಹಿಡಿದವರು ನಮ್ಮ ಕಚೇರಿಯ ಲೆಕ್ಕಿಗರು. ಹಿಂದೆ ಗಣಿತದ ಮೇಷ್ಟರಾಗಿದ್ದವರು. ಸಿಟ್ಟು ಬಂದಾಗ ಎಲ್ಲವನ್ನೂ ಗುಣಿಸಿ ಹೇಳುವ ಚಾಳಿ ಇರುವುದರಿಂದ ಅವರನ್ನು ಗುಣಾಕಾರ ಎಂದೇ ಕರೆಯುತ್ತೇವೆ. “ವರ್ಷಕ್ಕೆ ಇನ್ನೂರು ಮಕ್ಕಳು, ಹದಿನೈದು ವರ್ಷ, ಎಷ್ಟಾಯ್ತು? ಮೂರು ಸಾವಿರ. ಮೂರು ಸಾವಿರ ಮಕ್ಕಳು ತಮಗೆ ಬೇಕಾಗಿದ್ದನ್ನ ಬಾಯಿ ಬಿಟ್ಟು ಕೇಳಲೇ ಇಲ್ಲ ಕಣಮ್ಮ!” ಆರು ವರ್ಷ ಅವರೂ ನಾನೂ ಕಡತ ಹೊತ್ತು ಮೆಟ್ಟಿಲು ಹತ್ತಿ ಇಳಿದೆವು. ಎರಡು ವರ್ಷದ ಹಿಂದೆ ನಮ್ಮ ಅಧಿಕಾರಿಯಾಗಿ ಬಂದ ಮೇಡಂ ಅದನ್ನು ಓದಿ ಸಹಿ ಹಾಕಿದರು.

ಈ ವರ್ಷ ಮೊದಲ ಸಲ ಜಾರಿಗೆ ಬಂದ ಹೊಸ ನಿಯಮದಲ್ಲಿ ಬೀದಿಯ ಹಕ್ಕಿಲ್ಲ. ಎಲ್ಲ ಮಕ್ಕಳಿಗೂ ಚೀಟಿ ಎತ್ತಿ ಒಂದೊಂದು ನಂಬರು. ನಂಬರಿನ ಸಾಲಿನಲ್ಲಿ ಪ್ರತಿ ಮಗುವಿನ ಫಾರಂ ಹಿಡಿದು ಮೊದಲ ಖಾನೆ ನೋಡುವುದು, ಅಲ್ಲಿ ಜಾಗವಿಲ್ಲದಿದ್ದರೆ ಎರಡನೆಯದು. ದೊಡ್ಡದನ್ನು ಕೇಳಿದ್ದಕ್ಕೆ ಯಾರಿಗೂ ಶಿಕ್ಷೆಯಿಲ್ಲ. ಪಟ್ಟಿ ಹೊರಬಿದ್ದ ಮೇಲೆ ಯಾರೋ ಫೋನು ಮಾಡಿದರೆಂದು ಕೈಯಲ್ಲಿ ಹೆಸರು ಸೇರಿಸುವ ಹಳೆಯ ಪದ್ಧತಿಯೂ ಬಂದ್. “ಮನಸ್ಸಿನಲ್ಲಿ ಇರುವುದನ್ನೇ ಮೊದಲು ಬರೆಯಿರಿ” ಎಂಬ ಕರಪತ್ರ ಬರೆದವಳು ನಾನೇ. ಒಂಬತ್ತನೇ ನಿಯಮವನ್ನು ಸೇರಿಸಿದವಳೂ ನಾನೇ: ಮೊದಲ ಆಯ್ಕೆಯೇ ಸಿಕ್ಕ ಮಗುವಿನ ಹೆಸರು ಯಾವ ಶಾಲೆಯ ಕಾಯುವ ಪಟ್ಟಿಯಲ್ಲೂ ಇರತಕ್ಕದ್ದಲ್ಲ. ಒಂದು ಸೀಟು ಹಿಡಿದುಕೊಂಡು ಇನ್ನೊಂದಕ್ಕೆ ವಶೀಲಿ ಹಚ್ಚುವವರ ಕಾಟ ತಪ್ಪಲಿ ಎಂದು.

ಫಾರಂ ತುಂಬುವ ಮೊದಲು ಶಾಲೆ ನೋಡಲು ಒಂದು ದಿನ ಕೊಡುತ್ತೇವೆ. ತಂಗಿಗೆ ಅಂಗಡಿ ಬಿಡುವಂತಿರಲಿಲ್ಲ, ಹುಡುಗಿಯನ್ನು ಬೆಟ್ಟದ ಶಾಲೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿ ತರಗತಿಗೆ ಮೂವತ್ತೇ ಮಕ್ಕಳು. ವಾರಕ್ಕೆ ಎರಡು ದಿನ ಮಾತು ಕಲಿಸುವ ಟೀಚರ್ ಬರುತ್ತಾರೆ, ಊರಿನಲ್ಲಿ ಬೇರೆ ಯಾವ ಶಾಲೆಯಲ್ಲೂ ಇಲ್ಲ. ಆ ಟೀಚರ್ ನಮ್ಮವಳ ಎದುರು ಕುರ್ಚಿ ಎಳೆದುಕೊಂಡು ಕೂತು, “ನಿಂಗೆ ಏನು ಮಾಡೋದು ಇಷ್ಟ?” ಎಂದು ಕೇಳಿದರು.

ಹುಡುಗಿ ಶುರುಮಾಡಿದಳು. “ಗ... ಗ...” ನಾನು ಬಾಯಿ ತೆರೆದೆ. ಟೀಚರ್ ನನ್ನ ಕಡೆ ನೋಡದೆಯೇ ಅಂಗೈ ಎತ್ತಿ ತಡೆದರು. ಗೋಡೆ ಗಡಿಯಾರದ ಮುಳ್ಳು ಓಡುತ್ತಿತ್ತು. ಒಂದು ನಿಮಿಷವೇ ಆಗಿರಬೇಕು. “ಗಡಿಯಾರ ಬಿಚ್ಚೋದು,” ಎಂದಳು ಹುಡುಗಿ. ಟೀಚರ್, “ಓಹೋ! ಬಿಚ್ಚಿದ್ದನ್ನ ಮತ್ತೆ ಜೋಡಿಸ್ತೀಯೋ ಇಲ್ವೋ?” ಎಂದರು. “ಎ... ಎರಡು ಸಲ ಜೋಡಿಸಿದೀನಿ.” ಆಮೇಲೆ ಅವರಿಬ್ಬರೂ ಗಡಿಯಾರದ ಹಲ್ಲುಚಕ್ರಗಳ ವಿಷಯ ಮಾತಾಡಿದರು, ನಾನೊಬ್ಬಳು ಇದ್ದೇನೆ ಎನ್ನುವುದೇ ಮರೆತು. ಹನ್ನೊಂದು ವರ್ಷ ಅವಳನ್ನು ಮುದ್ದು ಮಾಡಿದ್ದೇನೆ, ಒಂದು ನಿಮಿಷ ಕಾದಿರಲಿಲ್ಲ.

ಬರುವಾಗ ದಾರಿಯುದ್ದಕ್ಕೂ ಅವಳದೇ ಮಾತು. ಈಗಿನ ಶಾಲೆಯಲ್ಲಿ ಹಾಜರಿ ಕೂಗುವಾಗ ಟೀಚರು ಅವಳ ಹೆಸರು ಬಂದರೆ ಪಕ್ಕದವಳನ್ನು ನೋಡುತ್ತಾರಂತೆ. “ಬಂದಿದ್ದಾಳೆ” ಎಂದು ಆ ಪಕ್ಕದವಳೇ ಹೇಳಿಬಿಡುತ್ತಾಳಂತೆ. ಹುಡುಗರು ಅವಳಂತೆ ಮಾತಾಡಿ ತೋರಿಸುತ್ತಾರಂತೆ. ಕಾಲುವೆ ಶಾಲೆಗೆ ಹೋದರೆ ಅದೇ ಮಕ್ಕಳು, ಇನ್ನು ಐದು ವರ್ಷ. “ದೊಡ್ಡಮ್ಮ, ನಾನು ಬೆಟ್ಟದ ಶಾಲೇನೇ ಮೊ... ಮೊದಲು ಬರೀತೀನಿ,” ಎಂದಳು. “ಬರಿಯೇ, ಬರಿ,” ಎಂದೆ. ಅವತ್ತು ಮನಸ್ಸಿನಿಂದಲೇ ಹೇಳಿದ್ದೆ.

ಮುಂದಿನ ಗುರುವಾರ ಕೌಂಟರಿಗೆ ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸೊಬ್ಬಳು ಬಂದಳು. ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದಳು. ಬಗ್ಗಿ, ತೂತಿಗೆ ಬಾಯಿ ಹತ್ತಿರ ತಂದು, “ನಿಜವಾಗ್ಲೂ ಬೆಟ್ಟದ ಶಾಲೆ ಮೊದಲು ಬರೀಬಹುದಾ ಅಮ್ಮ? ಆಮೇಲೆ ಇದೂ ಹೋಗಿ ಅದೂ ಹೋಗಿಬಿಟ್ರೆ?” ಎಂದು ಕೇಳಿದಳು. ಮೂರು ಸಲ ಕೇಳಿದಳು. ಮೂರನೇ ಸಲಕ್ಕೆ ನಾನು, “ನನ್ನ ಮೇಲೆ ಭಾರ ಹಾಕಿ ಬರೀರಿ. ಏನೂ ಹೋಗಲ್ಲ,” ಎಂದೆ. ಅವಳು ಅಲ್ಲೇ ಗೋಡೆಗೆ ಕಾಗದ ಒತ್ತಿ ಬರೆದು ಕೊಟ್ಟುಹೋದಳು.

ಶುಕ್ರವಾರ ಕಚೇರಿಯಲ್ಲಿ ಗಾಳಿಮಾತು ಎದ್ದಿತು. ಬೆಟ್ಟದ ಬೀದಿಯ ದೊಡ್ಡ ಮನುಷ್ಯರು ಮೇಲಿನವರನ್ನು ಕಂಡಿದ್ದಾರಂತೆ, ಹೊಸ ನಿಯಮವನ್ನು ಒಂದು ವರ್ಷ ತಡೆಹಿಡಿದು ಈ ಸಲ ಹಳೆಯದರಂತೆಯೇ ಹಂಚುತ್ತಾರಂತೆ. ಹೇಳಿದವನು ಕೆಳಗಿನ ಮಹಡಿಯ ಜವಾನ. ಅವನು ಹೇಳಿದ್ದರಲ್ಲಿ ಅರ್ಧ ನಿಜವಾಗುತ್ತದೆ, ಅರ್ಧ ಸುಳ್ಳಾಗುತ್ತದೆ, ಯಾವ ಅರ್ಧ ಯಾವುದು ಎನ್ನುವುದೇ ತೊಂದರೆ. ಗುಣಾಕಾರರು ನಕ್ಕುಬಿಟ್ಟರು. “ಬೊಗಳೆ ಕಣಮ್ಮ. ಸಹಿ ಬಿದ್ದಿದೆ, ಮುಗೀತು.” ನಾನೂ ನಕ್ಕೆ. ಆದರೆ ಸಂಜೆ ಇಳಿಯುವಾಗ ಜವಾನನನ್ನು ನಿಲ್ಲಿಸಿ ಇನ್ನೊಮ್ಮೆ ಕೇಳಿದೆ.

ಭಾನುವಾರ ತಂಗಿಯ ಅಂಗಡಿಗೆ ಹೋದೆ. ಫಾರಂ ಕೊಡಲು ಸೋಮವಾರ ಕೊನೆಯ ದಿನ. ಹುಡುಗಿ ಪೆನ್ಸಿಲಿನಲ್ಲಿ ತುಂಬಿ ಇಟ್ಟಿದ್ದಳು, ನಾನು ನೋಡಿದ ಮೇಲೆ ಶಾಯಿಯಲ್ಲಿ ಬರೆಯಬೇಕೆಂದು. ಮೊದಲ ಖಾನೆಯಲ್ಲಿ ಬೆಟ್ಟದ ಶಾಲೆ, ಗುಂಡು ಗುಂಡು ಅಕ್ಷರ. ಗಾಳಿಮಾತು ನಿಜವಾದರೆ? ಬೆಟ್ಟದ್ದು ಸಿಗುವುದಿಲ್ಲ, ಕಾಲುವೆಯದು ಕೈತಪ್ಪುತ್ತದೆ, ಇವಳು ಊರಾಚೆಗೆ ಎರಡು ಬಸ್ಸು ಹತ್ತಬೇಕು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ ಇವಳು ಬಾಯಿ ಬಿಡುವಷ್ಟರಲ್ಲಿ ನಿಲ್ದಾಣವೇ ದಾಟಿರುತ್ತದೆ. ಬಡಗಿಯ ಮಗಳ ಮುಖ ಕಣ್ಣಮುಂದೆ ಬಂತು. ಊರಿನ ಮಕ್ಕಳಿಗಾದರೆ ನಿಯಮವನ್ನು ನಂಬಿದ್ದೆ. ನಮ್ಮ ಮಗುವಿನ ವಿಷಯ ಬಂದಾಗ ನಂಬಲಾಗಲಿಲ್ಲ.

ರಬ್ಬರು ತೆಗೆದುಕೊಂಡೆ.

“ದೊಡ್ಡಮ್ಮ, ನಾ... ನಾನು...”

“ಬೆಟ್ಟದ ಶಾಲೆ ಬೇಕು ಅಂತ ತಾನೇ? ಗೊತ್ತು ಕಣೇ. ಎಲ್ಲಿಗೆ ಹೋಯ್ತು ಅದು, ಎರಡನೇ ಖಾನೇಲಿ ಇಟ್ಟಿದೀನಲ್ಲ. ಅದೃಷ್ಟ ಇದ್ರೆ ಎಲ್ಲಿದ್ರೂ ಬರುತ್ತೆ.”

“ಅಲ್ಲ, ನೀ... ನೀನೇ ಹೇ...”

“ನಾನೇ ಹೇಳಿದ್ದೆ, ಹೌದು. ಈಗ ನಾನೇ ಬೇಡ ಅಂತಿದೀನಿ. ದೊಡ್ಡೋರ ಮಾತು ಕೇಳು.”

ಅವಳು ಅಮ್ಮನನ್ನು ನೋಡಿದಳು. ತಂಗಿ ಒಂದು ಅಂಗಿಯ ಕಾಲರು ಒತ್ತುತ್ತ, “ಅಕ್ಕನಿಗೆ ಗೊತ್ತಿರುತ್ತೆ ಮಗಳೇ, ಅವಳು ದಿನಾ ನೋಡ್ತಾಳೆ,” ಎಂದಳು. ಹುಡುಗಿ ಶಾಯಿಯ ಪೆನ್ನು ತೆಗೆದು ನಾನು ಹೇಳಿದಂತೆ ಬರೆದಳು. ಅಕ್ಷರ ಗುಂಡಗೇ ಇದ್ದವು. ನಾನು ಫಾರಂ ಚೀಲಕ್ಕೆ ಹಾಕಿಕೊಂಡು, ದೊಡ್ಡ ಗಂಡಾಂತರ ತಪ್ಪಿಸಿದವಳ ಹಾಗೆ ನೆಮ್ಮದಿಯ ಉಸಿರು ಬಿಟ್ಟೆ. ಆಸ್ಪತ್ರೆಯ ಹೆಂಗಸನ್ನು ಕರೆದು ನಿನ್ನ ಫಾರಂ ತಿದ್ದಿಕೋ ಎಂದು ಹೇಳುವ ಯೋಚನೆ ನನಗೆ ಬರಲೇ ಇಲ್ಲ. ಆ ಹೊತ್ತಿನಲ್ಲಿ ನನ್ನ ಪ್ರಪಂಚದಲ್ಲಿ ಒಂದೇ ಮಗು ಇತ್ತು.

ಗಾಳಿಮಾತು ಸುಳ್ಳಾಯಿತು. ನಿಯಮ ನಿಂತಿತು. ಪುರಸಭೆಯ ಸಭಾಂಗಣದಲ್ಲಿ ಎಲ್ಲರೆದುರು ಚೀಟಿ ಎತ್ತಿದರು, ಎರಡು ಸಾವಿರದ ನೂರ ನಲವತ್ತು ಮಕ್ಕಳಿಗೆ. ಚೀಟಿಯಲ್ಲಿ ಹೆಸರಿಲ್ಲ, ಅರ್ಜಿಯ ಸಂಖ್ಯೆ ಮಾತ್ರ. ಮಾರನೆಯ ದಿನ ಗುಣಾಕಾರರು ಉದ್ದದ ಹಾಳೆ ಮೇಜಿನ ಮೇಲೆ ಹರಡಿಕೊಂಡು, ಒಂದನೇ ನಂಬರಿನಿಂದ ಸಾಲಾಗಿ ತಾಳೆ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಜೋರಾಗಿ ನಕ್ಕರು.

“ಇಲ್ಲಿ ನೋಡ್ರಪ್ಪ! ಹದಿನೇಳನೇ ನಂಬರು. ಎರಡು ಸಾವಿರ ಮಕ್ಕಳಲ್ಲಿ ಹದಿನೇಳು! ಊರಲ್ಲಿ ಯಾವ ಶಾಲೆ ಕೇಳಿದ್ರೂ ಬಾಗಿಲು ತೆರೆದು ಕರ್ಕೋತಾರೆ. ಪುಣ್ಯಾತ್ಮರು ಏನು ಕೇಳಿದಾರೆ ಗೊತ್ತಾ? ಕಾಲುವೆ ಶಾಲೆ! ಬೆಟ್ಟದ್ದು ಎರಡನೇದಂತೆ!”

ಪಕ್ಕದ ಮೇಜಿನವರೂ ನಕ್ಕರು. ನಾನು ಎದ್ದು ಹೋಗಿ ನೋಡಿದೆ. ಆ ಅರ್ಜಿಯ ಸಂಖ್ಯೆ ನನಗೆ ಬಾಯಿಪಾಠ. ಮೊಹರು ಒತ್ತಿದವಳು ನಾನೇ ತಾನೇ. ಒಮ್ಮೆ ಓದಿದೆ, ಬೆರಳಿಟ್ಟು ಇನ್ನೊಮ್ಮೆ ಓದಿದೆ. ಬೆರಳನ್ನು ಆ ಸಾಲಿನಿಂದ ತೆಗೆಯಲಿಲ್ಲ.

“ಯಾಕಮ್ಮ?” ಎಂದರು ಗುಣಾಕಾರರು.

“ನಮ್ಮ ಹುಡುಗಿ,” ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, “ನೀನಾ ಬರೆಸಿದ್ದು?” ಎಂದು ಮಾತ್ರ ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವಾರದ ಕೊನೆಗೆ ವರದಿ ಬಂತು. ನೂರಕ್ಕೆ ಎಂಬತ್ತೆಂಟು ಮಕ್ಕಳಿಗೆ ಮೊದಲ ಆಯ್ಕೆಯೇ ಸಿಕ್ಕಿದೆ ಎಂದು ಮೇಡಂ ಖುಷಿಯಾದರು, ಎಲ್ಲರಿಗೂ ಚಹಾ ತರಿಸಿದರು. ಗುಣಾಕಾರರು ಇನ್ನೊಂದು ಹಾಳೆ ಮುಂದಿಟ್ಟರು. ಕಾಲುವೆ ಕಡೆಯ ಒಂಬೈನೂರು ಮಕ್ಕಳಲ್ಲಿ ಬೆಟ್ಟದ ಶಾಲೆಯನ್ನು ಮೊದಲು ಬರೆದವರು ಅರವತ್ತೊಂದು ಜನ. ಉಳಿದವರು ನಾನು ಹದಿನೈದು ವರ್ಷ ಪಿಸುಗುಟ್ಟಿದ್ದನ್ನೇ ಬರೆದಿದ್ದರು. ಕರಪತ್ರವನ್ನು ಯಾರು ನಂಬುತ್ತಾರೆ, ಅಜ್ಜಿ ಹೇಳಿದ ಮೇಲೆ? ಬಾಗಿಲು ತೆರೆದಿದ್ದೆವು, ಜನ ಹಳೆಯ ಅಭ್ಯಾಸದಂತೆ ಕಿಟಕಿಯ ಹತ್ತಿರವೇ ಬಗ್ಗಿ ನಿಂತಿದ್ದರು. ಅವರಲ್ಲಿ ನಮ್ಮ ಮನೆಯವಳೂ ಒಬ್ಬಳು.

ತಂಗಿಯ ಮನೆಗೆ ಪತ್ರ ಹೋಯಿತು: “ಅಭಿನಂದನೆಗಳು. ನಿಮ್ಮ ಮಗುವಿಗೆ ಮೊದಲ ಆಯ್ಕೆಯ ಶಾಲೆ ದೊರೆತಿದೆ.” ತಂಗಿ ಫೋನು ಮಾಡಿ, “ನೀನು ಹೇಳಿದ ಹಾಗೇ ಆಯ್ತು ನೋಡಕ್ಕ. ಪಕ್ಕದ ಮನೆಯವರು ಬೆಟ್ಟದ್ದು ಬರೆದು, ಮೂರನೇದು ಸಿಕ್ಕಿದೆಯಂತೆ. ನಮಗೆ ಬರೆದಿದ್ದೇ ಬಂತು,” ಎಂದಳು. ಹುಡುಗಿ ಏನು ಮಾಡುತ್ತಿದ್ದಾಳೆ ಎಂದು ಕೇಳಿದೆ. “ಮಲಗಿದಾಳೆ. ತಲೆನೋವಂತೆ. ಅದೃಷ್ಟ ಇರಲಿಲ್ಲ ಬಿಡು, ಬೆಟ್ಟದ್ದು ನಮ್ಮಂಥವರಿಗೆಲ್ಲಿ,” ಎಂದಳು ತಂಗಿ.

ಊರಿನ ಅದೃಷ್ಟದಲ್ಲೆಲ್ಲ ದೊಡ್ಡ ಅದೃಷ್ಟ ಅವಳ ಮಗಳದಾಗಿತ್ತು. ಕೈಗೆ ಬಂದ ತುತ್ತನ್ನು ಬಾಯಿಗೆ ಬರದಂತೆ ಮಾಡಿದವಳು ನಾನು. ಅದನ್ನು ಹೇಳದೆ “ಹೂಂ,” ಎಂದು ಫೋನಿಟ್ಟೆ.

ಹತ್ತು ದಿನದ ಮೇಲೆ ಬೆಟ್ಟದ ಶಾಲೆಯಿಂದ ಚೀಟಿ ಬಂತು. ಒಂದು ಕುಟುಂಬ ಊರು ಬಿಟ್ಟಿದೆ, ಆರನೇ ತರಗತಿಯಲ್ಲಿ ಒಂದು ಸೀಟು ಖಾಲಿ. ಕಾಯುವ ಪಟ್ಟಿ ತೆಗೆದೆ. ನಮ್ಮ ಹುಡುಗಿಯ ಹೆಸರು ಅಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಮೊದಲ ಆಯ್ಕೆ ಸಿಕ್ಕವಳಲ್ಲವೇ ಅವಳು. ನಾನೇ ಬರೆದ ಒಂಬತ್ತನೇ ನಿಯಮ ನನ್ನನ್ನೇ ದುರುಗುಟ್ಟಿ ನೋಡಿತು. ಪಟ್ಟಿಯ ಮೇಲ್ಗಡೆ ಇದ್ದದ್ದು ನಾನೂರ ಮೂವತ್ತಾರನೇ ನಂಬರಿನ ಮಗು. ತಾಯಿಯ ಕೆಲಸ: ಆಸ್ಪತ್ರೆಯಲ್ಲಿ ಶುಚಿಗಾರ್ತಿ.

ಚೀಟಿ ಹಿಡಿದು ಮೇಡಂ ಕೋಣೆಗೆ ಹೋದೆ. ಅಳಬಾರದು ಎಂದುಕೊಂಡಿದ್ದೆ, ಅತ್ತೆ. ಎಲ್ಲ ಹೇಳಿದೆ: ಗಾಳಿಮಾತು, ರಬ್ಬರು, ಉಗ್ಗು, ಹದಿನೇಳು. ಮೇಡಂ ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ ಬಂದು ಕೂತರು.

“ಆ ಮಗೂಗೆ ಮಾತಿನ ತೊಂದರೆ ಇದೆ. ಆ ಟೀಚರ್ ಅಲ್ಲಿ ಮಾತ್ರ ಇರೋದು. ನಾನು ವಿಶೇಷ ಪ್ರಕರಣ ಅಂತ ಕೈಯಲ್ಲಿ ಬರೆದು ಸಹಿ ಹಾಕಬಹುದು. ಒಂದೇ ಒಂದು. ಯಾರೂ ಕೇಳಲ್ಲ,” ಎಂದರು.

“ಪಟ್ಟಿಯಲ್ಲಿ ಇರೋ ಮಗು?”

“ಅದು ಮುಂದಿನ ಖಾಲಿ ಸೀಟಿಗೆ ಕಾಯುತ್ತೆ. ಬಂದ್ರೆ ಬಂತು.” ಅವರು ಪೆನ್ನಿನ ಮುಚ್ಚಳ ತೆಗೆದು ನನ್ನ ಮುಖ ನೋಡಿದರು. “ನೀವು ಹೇಳಿ. ಈ ನಿಯಮಕ್ಕೋಸ್ಕರ ಆರು ವರ್ಷ ಸವೆಸಿದವರು ನೀವು. ನೀವು ಹೂಂ ಅಂದ್ರೆ ಬರೀತೀನಿ.”

ಹೂಂ ಅನ್ನಲು ಬಾಯಿ ತೆರೆದಿದ್ದೆ. ದೇವರಾಣೆ, ತೆರೆದಿದ್ದೆ. ಆ ಹೆಂಗಸು ಮೂರು ಸಲ ಕೇಳಿದ್ದು ನೆನಪಾಯಿತು. ಅವಳಿಗೂ ಭಯವಿತ್ತು, ನನಗಿದ್ದಷ್ಟೇ. ಅವಳು ನನ್ನ ಮೇಲೆ ಭಾರ ಹಾಕಿ ಬರೆದಳು. ನಾನು ಬರೆದ ಕರಪತ್ರವನ್ನು ಕಾಲುವೆ ಕಡೆಯಲ್ಲಿ ನಂಬಿದ ಅರವತ್ತೊಂದು ಜನರಲ್ಲಿ ಅವಳೊಬ್ಬಳು, ನಾನು ಆ ಅರವತ್ತೊಂದರಲ್ಲಿ ಇರಲಿಲ್ಲ. ಈಗ ಅವಳ ಮಗಳ ಸೀಟನ್ನು ನನ್ನ ಅಪನಂಬಿಕೆಗೆ ಬಹುಮಾನವಾಗಿ ತೆಗೆದುಕೊಳ್ಳಬೇಕೇ?

“ಬೇಡ ಮೇಡಂ,” ಎಂದೆ. ಎಂದ ತಕ್ಷಣ ನುಂಗಿಕೊಳ್ಳಬೇಕೆನಿಸಿತು. ಮೇಡಂ ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು.

ಸೋಮವಾರ ಆ ಹೆಂಗಸು ಮಗಳ ಜೊತೆ ಬಂದು ಸೀಟಿನ ಪತ್ರ ತೆಗೆದುಕೊಂಡಳು. ಮಗಳು ಕೌಂಟರಿನ ಎದುರೇ ಪತ್ರವನ್ನು ಅರಳು ಹುರಿದಂತೆ ಪಟಪಟನೆ ಓದಿ ಅಮ್ಮನಿಗೆ ಹೇಳಿದಳು, ಒಂದು ಅಕ್ಷರವೂ ತಡೆಯಲಿಲ್ಲ. ತಾಯಿ ಬಗ್ಗಿ ತೂತಿನಲ್ಲಿ, “ನಿಮ್ಮ ಮಾತು ಉಳೀತಮ್ಮ,” ಎಂದಳು. ನಾನು ತಲೆಯಾಡಿಸಿ, ಮುಂದಿನವರು ಬನ್ನಿ ಎಂದೆ. ಸಂಜೆ ಕಚೇರಿ ಮುಗಿಸಿ ನೇರವಾಗಿ ಇಸ್ತ್ರಿ ಅಂಗಡಿಗೆ ಹೋದೆ. ಇನ್ನು ಮುಚ್ಚಿಟ್ಟುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.

ತಂಗಿ ಯಾರದೋ ಬಿಳಿ ಅಂಗಿಗಳ ರಾಶಿ ಮುಂದಿಟ್ಟುಕೊಂಡಿದ್ದಳು. ಹುಡುಗಿ ಮೂಲೆಯಲ್ಲಿ ಹೊಸ ಪುಸ್ತಕಗಳಿಗೆ ಕಾಗದ ಹೊದಿಸುತ್ತಿದ್ದಳು, ಕಾಲುವೆ ಶಾಲೆಯವು. ನಾನು ಸ್ಟೂಲಿನ ಮೇಲೆ ಕೂತು, ಇಬ್ಬರಿಗೂ ಕೇಳುವಂತೆ, ಇದ್ದದ್ದು ಇದ್ದಂತೆ ಹೇಳಿದೆ. ನಂಬರು ಹೇಳಿದೆ. ಖಾಲಿಯಾದ ಸೀಟಿನ ವಿಷಯವನ್ನೂ, ಬೇಡ ಎಂದದ್ದನ್ನೂ ಹೇಳಿದೆ.

ತಂಗಿ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಅಂಗಿ ಮುಗಿಸಿದಳು, ಮಡಿಸಿದಳು, ರಾಶಿಯ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಹಾಗಾಯ್ತು ಅಕ್ಕ ನಿನ್ನ ಕಥೆ.”

“ತಪ್ಪಾಯ್ತು ಕಣೇ.”

“ತಪ್ಪು ಯಾರು ಮಾಡಲ್ಲ? ಹೆದರಿಕೊಂಡು ಅಳಿಸಿದೆ, ಸರಿ, ನಾನಾಗಿದ್ರೂ ಅಳಿಸ್ತಿದ್ದೆ. ಆದ್ರೆ ಒಂದು ಹೇಳು.” ಅವಳು ಇಸ್ತ್ರಿ ಪೆಟ್ಟಿಗೆಯನ್ನು ಬದಿಗೆ ಸರಿಸಿದಳು. “ಅವರ ಮಗು ಅಂದಾಗ ನಿಂಗೆ ನಿಯಮ ನೆನಪಾಯ್ತು. ನನ್ನ ಮಗಳ ಫಾರಂ ನಿನ್ನ ಕೈಲಿ ಇದ್ದಾಗ ಯಾಕೆ ನೆನಪಾಗ್ಲಿಲ್ಲ? ಎರಡು ಸಲವೂ ನನ್ನ ಮಗಳೇ ಸಿಕ್ಕಿದ್ಲಾ ನಿಂಗೆ ಕಳ್ಕೊಳ್ಳೋದಕ್ಕೆ?”

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ಬುದ್ಧಿ ಮೊದಲಿನಿಂದಲೂ ಇತ್ತು, ಅದನ್ನು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದೆ. ಧೈರ್ಯವಿರಲಿಲ್ಲ ಅಷ್ಟೆ. ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

ಆಗ ಹುಡುಗಿ ಎದ್ದು ಬಂದಳು. ನನ್ನ ಎದುರು ನಿಂತು ಏನೋ ಹೇಳಲು ಹೊರಟಳು.

“ಆ... ಆ ಹು...”

ನನ್ನ ತುಟಿಯ ತುದಿಯಲ್ಲಿ ಹತ್ತು ಮಾತು ಬಂದವು. ಒಂದನ್ನೂ ಆಡಲಿಲ್ಲ. ಅವಳ ಕುತ್ತಿಗೆಯ ನರ ಬಿಗಿಯುತ್ತಿತ್ತು, ಕಣ್ಣು ಮುಚ್ಚಿ ತೆರೆಯುತ್ತಿತ್ತು. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು, ಇನ್ನೊಂದು ಹೋಯಿತು. ನಾನು ಕೂತೇ ಇದ್ದೆ.

“ಆ ಹು... ಹುಡುಗಿಗೂ ನನ್ನ ಥರ ಉಗ್ಗು ಇದೆಯಾ ದೊಡ್ಡಮ್ಮ?”

ಪಟಪಟನೆ ಪತ್ರ ಓದಿದ ಆ ಮಗುವಿನ ದನಿ ಇನ್ನೂ ನನ್ನ ಕಿವಿಯಲ್ಲಿತ್ತು. ಗೋಡೆಯ ಕಡೆ ನಿಂತಿದ್ದ ತಂಗಿಯೂ ತಿರುಗಿ ನೋಡಿದಳು.

“ಇದೆ ಪುಟ್ಟಿ,” ಎಂದೆ. “ತುಂಬಾ ಇದೆ.”

ಅವಳು ಕೈಯಲ್ಲೇ ಉಳಿದಿದ್ದ ಹೊದಿಕೆಯ ಕಾಗದವನ್ನು ಎರಡಾಗಿ ಮಡಿಸಿದಳು.

“ಹಾಗಾದ್ರೆ ಸರಿ,” ಎಂದಳು. ಆ ಮಾತು ಎಲ್ಲೂ ತಡೆಯದೆ ಬಂತು. ಆಮೇಲೆ ಅಮ್ಮನ ಪಕ್ಕಕ್ಕೆ ಹೋಗಿ, ಮಡಿಸಿಟ್ಟ ಅಂಗಿಗಳಿಗೆ ಒಂದೊಂದಾಗಿ ಗುಂಡಿ ಹಾಕತೊಡಗಿದಳು.